ಬೋರ್‌ವೆಲ್ ಮೋಟಾರನ್ನು ಸೀಳಿ ನೋಡಿದ್ದು

ಪುಸ್ತಕದ ನಟ್ಟನಡುವಿನ ಜೋಡಿಪುಟಕ್ಕೆ ರಾಕೆಟ್ ಬೇಡವೆಂದು ಹಠ ಹಿಡಿದವಳು ನಾನೇ. ಹಾಗಾಗಿ ಮುಂದೆ ಆದದ್ದಕ್ಕೆಲ್ಲ ಬೇರೆಯವರನ್ನು ದೂರುವ ಹಾಗಿರಲಿಲ್ಲ.

ಸಾಮಾನ್ಯ ಓದುಗರಿಗಾಗಿ ಕನ್ನಡದಲ್ಲಿ ಒಂದು ವಿಜ್ಞಾನ-ತಂತ್ರಜ್ಞಾನ ಕೋಶ ಸಿದ್ಧವಾಗುತ್ತಿತ್ತು. ಮನೆಯಲ್ಲಿ ಇಟ್ಟುಕೊಂಡು ಬೇಕಾದಾಗ ತೆರೆದು ನೋಡುವಂಥ ದಪ್ಪ ಪುಸ್ತಕ. ಸಂಪಾದಕರು ಕೋಲಾರದಲ್ಲೇ ನೆಲೆಸಿರುವ ನಿವೃತ್ತ ಭೌತಶಾಸ್ತ್ರದ ಮೇಷ್ಟ್ರು. ಚಿತ್ರಗಳು ನನ್ನವು. ಬರಹ ಮುಗಿದಿತ್ತು, ಚಿತ್ರಗಳೂ ಹೆಚ್ಚುಕಡಿಮೆ ಮುಗಿದಿದ್ದವು, ನಡುವಿನ ಆ ಎರಡು ಪುಟ ಮಾತ್ರ ಖಾಲಿ ಇತ್ತು. ಅಂಗಡಿಯಲ್ಲಿ ಪುಸ್ತಕ ಕೈಗೆತ್ತಿಕೊಂಡವರು ಮೊದಲು ತೆರೆಯುವುದು ಅದನ್ನೇ, ಅಲ್ಲೊಂದು ರಾಕೆಟ್ ಇದ್ದರೆ ಪುಸ್ತಕ ತಾನಾಗಿ ಮಾರಾಟವಾಗುತ್ತದೆ ಎಂಬುದು ಬೆಂಗಳೂರಿನ ಪ್ರಕಾಶಕರ ನಂಬಿಕೆ. ನನಗೆ ರೇಗಿಹೋಯಿತು. ನಾನು ನೋಡಿದ ವಿಜ್ಞಾನದ ಪುಸ್ತಕಗಳಲ್ಲೆಲ್ಲ ರಾಕೆಟ್ ಇದೆ. ನಮ್ಮ ಜಿಲ್ಲೆಯಲ್ಲಿ ಯಾರ ಹೊಲದಲ್ಲೂ ರಾಕೆಟ್ ಇಲ್ಲ, ಬೋರ್‌ವೆಲ್ ಮೋಟಾರಾದರೆ ಎಲ್ಲಿ ನೋಡಿದರಲ್ಲಿ ಇದೆ. ಮಾರ್ಕೆಟ್ಟಿಗೆ ಬಂದು ಬೀಳುವ ಟೊಮೆಟೊ, ರೇಷ್ಮೆಹುಳು ತಿನ್ನುವ ಸೊಪ್ಪು, ನಾವು ಕುಡಿಯುವ ನೀರು, ಎಲ್ಲದರ ಹಿಂದೆಯೂ ಅದೇ. ಆದರೂ ಅದರ ಒಳಗೇನಿದೆ ಎಂದು ಕಂಡವರು ಬೆರಳೆಣಿಕೆಯಷ್ಟು ಜನ. ಅದನ್ನು ಉದ್ದುದ್ದ ಸೀಳಿದ ಹಾಗೆ ಬರೆದು ತೋರಿಸೋಣ ಎಂದೆ.

ಪ್ರಕಾಶಕರು ಫೋನಿನಲ್ಲಿ ನಕ್ಕರು. ಮುಖಪುಟ ಅಚ್ಚಿಗೆ ಹೋಗುವವರೆಗೆ ಕಾಯುತ್ತೇನೆ, ಅಷ್ಟರೊಳಗೆ ಚಿತ್ರ ಬಾರದಿದ್ದರೆ ಈಗಾಗಲೇ ಕೊಂಡಿಟ್ಟಿರುವ ರಾಕೆಟ್ಟನ್ನೇ ಹಾಕಿಬಿಡುತ್ತೇನೆ ಎಂದರು. ನಾನು ಆಗಲಿ ಎಂದು ಫೋನ್ ಇಟ್ಟೆ. ಆಮೇಲೆ ನೆನಪಾಯಿತು, ಬೋರ್‌ವೆಲ್ ಮೋಟಾರಿನ ಒಳಗನ್ನು ನಾನೂ ನೋಡಿರಲಿಲ್ಲ.

ನೋಡದೆ ಬರೆಯಲು ನಮ್ಮ ಸಂಪಾದಕರು ಬಿಡುವವರಲ್ಲ. ಇನ್ನೊಂದು ಪುಸ್ತಕದ ಚಿತ್ರ ನೋಡಿಕೊಂಡು ಚಿತ್ರ ಬರೆಯಬಾರದು ಎಂಬುದು ಅವರ ನಿಯಮ. ಒಬ್ಬರು ಮಾಡಿದ ತಪ್ಪನ್ನು ಹತ್ತು ಜನ ನಕಲು ಮಾಡಿ ಕೊನೆಗೆ ಅದೇ ಸರಿ ಎಂದಾಗಿಬಿಡುತ್ತದೆ ಎಂದು ಅವರಿಗೆ ಭಯ. ಹೀಗಾಗಿ ಮಿಕ್ಸಿಯ ಚಿತ್ರಕ್ಕೆ ನಮ್ಮಮ್ಮನ ಮಿಕ್ಸಿ ಬಲಿಯಾಗಿತ್ತು. ಫ್ರಿಜ್ಜಿನ ಚಿತ್ರಕ್ಕೆ ಗುಜರಿಯಿಂದ ತಂದ ಫ್ರಿಜ್ಜೊಂದು ನನ್ನ ಕೋಣೆಯ ಅರ್ಧ ಜಾಗ ತಿಂದು ಕೂತಿತ್ತು. ಅಮ್ಮ ಬೋರ್‌ವೆಲ್ ಮೋಟಾರಿನ ಸುದ್ದಿ ಕೇಳಿ, ಇನ್ನು ಮನೆಯಲ್ಲಿ ಜಾಗ ಉಳಿಯದು, ಮಲಗುವುದಕ್ಕೆ ನಾನು ಮಾರ್ಕೆಟ್ಟಿಗೆ ಹೋಗಬೇಕಾಗುತ್ತದೆ ನೋಡು ಎಂದಳು.

ಮುಳಬಾಗಿಲಿನಲ್ಲಿ ಪರಿಚಯದ ಒಂದು ವೈಂಡಿಂಗ್ ಅಂಗಡಿ ಇತ್ತು. ಸುಟ್ಟುಹೋದ ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತಿ ಮತ್ತೆ ಜೀವ ಕೊಡುವ ಅಂಗಡಿ. ಅದರ ಯಜಮಾನರ ಕೈ ಓಡುವಷ್ಟೇ ವೇಗವಾಗಿ ಬಾಯಿಯೂ ಓಡುತ್ತದೆ, ಅರ್ಧ ಕನ್ನಡದಲ್ಲಿ, ಅರ್ಧ ತೆಲುಗಿನಲ್ಲಿ. ನನ್ನ ಯೋಜನೆ ಕೇಳಿ ಅವರು ನನಗಿಂತ ಹೆಚ್ಚು ಕುಣಿದರು. ತಾವು ಇಷ್ಟು ವರ್ಷ ಮಾಡಿದ ಕೆಲಸ ಪುಸ್ತಕದಲ್ಲಿ ಬರುತ್ತದಲ್ಲ ಎಂದು ಪಕ್ಕದ ಅಂಗಡಿಯವರನ್ನೂ ಕೂಗಿ ಕರೆದು ಹೇಳಿದರು. ಮೂಲೆಯಲ್ಲಿ ಬಿದ್ದಿದ್ದ ಒಂದು ಹಾಳು ಮೋಟಾರನ್ನು ಎಳೆದು, ಇದನ್ನೇ ಸೀಳಿ ನೋಡೋಣ ಎಂದು ಕಟಿಂಗ್ ಮೆಷಿನ್ ಹಚ್ಚಿಯೇಬಿಟ್ಟರು.

ಹೊರಗಿನ ಸ್ಟೀಲಿನ ಕವಚ ಚೆನ್ನಾಗಿಯೇ ಸೀಳಿತು. ಬ್ಲೇಡು ಒಳಗಿನ ತಂತಿಗೆ ತಾಗಿದ್ದೇ ತಡ, ಸುರುಳಿಯೆಲ್ಲ ಬ್ಲೇಡಿಗೆ ಸುತ್ತಿಕೊಂಡು ಶಾವಿಗೆಯ ಹಾಗೆ ಹೊರಗೆ ಬಂತು. ಬಾಕಿ ಉಳಿದ ತಗಡಿನ ಬಿಲ್ಲೆಗಳು ಒಂದೊಂದಾಗಿ ಉದುರಿದವು. ಸೀಳುವ ವಸ್ತು ಒಂದೇ ಗಟ್ಟಿಯಾಗಿದ್ದರೆ ಸರಿ, ಒಳಗೆ ಟೊಳ್ಳಿದ್ದು ಬಿಡಿಬಿಡಿ ಭಾಗಗಳಿದ್ದರೆ ಬ್ಲೇಡು ಅವನ್ನು ಕತ್ತರಿಸುವ ಬದಲು ಕಿತ್ತು ಎಸೆಯುತ್ತದೆ. ಎಲ್ಲವನ್ನೂ ಅಲ್ಲಲ್ಲೇ ಹಿಡಿದು ನಿಲ್ಲಿಸುವ ಏನಾದರೂ ಬೇಕಿತ್ತು. ಮೇಣ ಸುರಿದರೆ ಬ್ಲೇಡಿನ ಬಿಸಿಗೆ ಕರಗುತ್ತದೆ. ಎರಡು ಬಗೆಯ ಅಂಟು ಕಲಸಿ ಹಾಕುವ ಯೋಚನೆಯೂ ಬಂತು, ಅಷ್ಟು ದೊಡ್ಡ ಕೊಳವೆ ತುಂಬಿಸುವಷ್ಟು ಅಂಟು ನಮ್ಮ ಪುಸ್ತಕದ ಶಕ್ತಿಗೆ ಮೀರಿದ್ದು.

ಮನಸ್ಸು ಕೆಟ್ಟು ದೋಸೆ ತಿನ್ನಲು ಹೋಟೆಲಿಗೆ ಹೋದೆ. ಹೋಟೆಲಿನ ಒಂದು ಭಾಗಕ್ಕೆ ಪರದೆ ಕಟ್ಟಿ ಫಾಲ್ಸ್ ಸೀಲಿಂಗ್ ಕೆಲಸ ನಡೆಸುತ್ತಿದ್ದರು. ಮಾಲೂರಿನಿಂದ ಬಂದ ಮೇಸ್ತ್ರಿ ಬಕೆಟ್ಟಿನಲ್ಲಿ ಪಿಓಪಿ, ಅಂದರೆ ಪ್ಲಾಸ್ಟರ್ ಆಫ್ ಪ್ಯಾರಿಸ್, ಕಲಸಿ ಸುರಿಯುತ್ತಿದ್ದ. ಹಿಂದಿನ ದಿನದ ಬಕೆಟ್ಟೊಂದು ಪಕ್ಕದಲ್ಲಿತ್ತು, ಅದರ ತಳದಲ್ಲಿ ಕರೆಂಟಿನ ವೈರಿನ ತುಂಡೊಂದು ಪಿಓಪಿಯೊಳಗೆ ಸಿಕ್ಕಿಕೊಂಡಿತ್ತು. ಎಳೆದರೆ ಅಲ್ಲಾಡಲಿಲ್ಲ. ದೋಸೆಯನ್ನು ಅರ್ಧಕ್ಕೆ ಬಿಟ್ಟು ಎದ್ದುಬಿಟ್ಟೆ. ಮುಳಬಾಗಿಲಿನಲ್ಲಿ ಯಾರೂ ಮಾಡದ ಕೆಲಸ ಅದು, ಬಡಿಸಿದವನು ದೋಸೆ ಚೆನ್ನಾಗಿಲ್ಲವೇನೋ ಎಂದು ಹಿಂದೆಯೇ ಬಂದ.

ಮೇಸ್ತ್ರಿ ಒಂದು ಚೀಲ ಪಿಓಪಿಯೊಂದಿಗೆ ವೈಂಡಿಂಗ್ ಅಂಗಡಿಗೆ ಬಂದ. ಮೊದಲ ಸಲ ತೆಳುವಾಗಿ ಕಲಸಿ ಸುರಿಯುವಷ್ಟರಲ್ಲಿ ಅದು ಆಲಿಕೆಯಲ್ಲೇ ಗಟ್ಟಿಯಾಗಿ ಕೂತುಬಿಟ್ಟಿತು. ಆಲಿಕೆಯನ್ನು ಒಡೆದು ಬಿಸಾಡಿ, ಎರಡನೆಯ ಸಲ ಮೇಸ್ತ್ರಿ ನೀರಿಗೆ ನಿಂಬೆಹಣ್ಣು ಹಿಂಡಿದ. ಹುಳಿ ಬಿದ್ದರೆ ಪಿಓಪಿ ನಿಧಾನಕ್ಕೆ ಹಿಡಿಯುತ್ತದೆ, ಅಷ್ಟರಲ್ಲಿ ಸಂದುಗೊಂದಿಗೆಲ್ಲ ಇಳಿಯುತ್ತದೆ. ಒಂದು ಹಳೆಯ ಪಂಪಿನ ತುಂಡಿಗೆ ತುಂಬಿ, ಒಣಗಿಸಿ, ಕತ್ತರಿಸಿದೆವು. ಒಳಗಿನ ನೀರೆತ್ತುವ ಚಕ್ರ ಇದ್ದಲ್ಲೇ ಇತ್ತು. ನಾನೂ ಯಜಮಾನರೂ ಬಿಳೀ ಧೂಳಿನಲ್ಲಿ ನಿಂತು ಒಬ್ಬರ ಮುಖ ಒಬ್ಬರು ನೋಡಿ ನಕ್ಕಿದ್ದೇ ನಕ್ಕಿದ್ದು.

ಸೀಳುವ ದಾರಿ ಸಿಕ್ಕಿತು, ಸೀಳುವುದಕ್ಕೆ ಪೂರ್ತಿ ಸೆಟ್ಟು ಇರಲಿಲ್ಲ. ಬೋರ್‌ವೆಲ್ಲಿನೊಳಗೆ ಇಳಿಯುವುದು ಒಂದಲ್ಲ, ಎರಡು ಯಂತ್ರ. ಕೆಳಗೆ ಮೋಟಾರು, ಅದರ ತಲೆಯ ಮೇಲೆ ಪಂಪು. ಮೋಟಾರು ಸುಟ್ಟರೆ ಅದೊಂದನ್ನೇ ಬದಲಾಯಿಸುತ್ತಾರೆ, ಪಂಪು ಸವೆದರೆ ಪಂಪನ್ನಷ್ಟೇ. ಹೀಗಾಗಿ ಅಂಗಡಿಯಲ್ಲಿ ಇದ್ದವೆಲ್ಲ ಒಂದರ ತಲೆ ಇನ್ನೊಂದರ ಮುಂಡ. ಗುಜರಿಯಲ್ಲಂತೂ ತಾಮ್ರಕ್ಕಾಗಿ ಬಂದ ಕೂಡಲೇ ಒಡೆದುಹಾಕುತ್ತಾರೆ. ಹೊಸ ಸೆಟ್ಟು ಕೊಂಡು ಸೀಳುವ ಮಾತೇ ಇಲ್ಲ.

"ಪೂರ್ತಿ ಸೆಟ್ಟು ಒಂದೇ ಕಡೆ ಐತೆ ಮೇಡಂ," ಎಂದರು ಯಜಮಾನರು. "ನಾನೇ ನೋಡಿದೀನಿ. ಕೊಡೋದು ಮಾತ್ರ ಡೌಟು. ಅದರ ಮೇಲೆ ಎರಡು ಮನೆ ಕಣ್ಣೈತೆ."

ಶ್ರೀನಿವಾಸಪುರದ ಕಡೆ, ಮಾವಿನ ತೋಪುಗಳ ನಡುವಿನ ಒಂದು ಹಳ್ಳಿ. ಅಲ್ಲಿ ಅಣ್ಣತಮ್ಮಂದಿರಿಬ್ಬರು ಭಾಗವಾಗಿ ಎಷ್ಟೋ ವರ್ಷವಾಗಿತ್ತು. ಈಗ ಆ ಎರಡೂ ಮನೆಗಳ ದರ್ಬಾರು ಇಬ್ಬರು ಓರಗಿತ್ತಿಯರದ್ದು. ಹೊಲ, ದನ, ಪಾತ್ರೆ, ಹುಣಸೆಮರದ ಫಸಲು ಎಲ್ಲ ಹಂಚಿಕೊಂಡಿದ್ದರು. ಅವರ ಜಮೀನಿಗೆ ಮೊದಲ ಬಾರಿ ಬೋರಿನ ನೀರು ತಂದ ಸೆಟ್ಟು ಮಾತ್ರ ಹಂಚಿಕೆಯಾಗದೆ ಉಳಿದಿತ್ತು. ನಮ್ಮ ಕಡೆ ಕೆಲವು ಮನೆಗಳಲ್ಲಿ ಮೊದಲು ನೀರು ತಂದ ಮೋಟಾರನ್ನು ಕೆಟ್ಟ ಮೇಲೂ ಗುಜರಿಗೆ ಹಾಕುವುದಿಲ್ಲ. ಒಂದು ಕಡೆ ಇಟ್ಟು ಆಯುಧಪೂಜೆಗೆ ಕುಂಕುಮ ಹಚ್ಚುತ್ತಾರೆ. ಇಲ್ಲಿ ಎರಡು ಮನೆಗಳ ನಡುವಿನ ಅಂಗಳದಲ್ಲಿ ಒಂದು ಕಲ್ಲುಚಪ್ಪಡಿಯ ಮೇಲೆ ಅದು ಮಲಗಿತ್ತು. ತಮ್ಮ ಕಡೆಗೆ ಎಳೆದುಕೊಳ್ಳಲು ಒಬ್ಬರು ಇನ್ನೊಬ್ಬರನ್ನು ಬಿಟ್ಟಿರಲಿಲ್ಲ. ಪೂಜೆಯೂ ಬೇರೆಬೇರೆ, ಹಿರಿಯಾಕೆ ಬೆಳಗ್ಗೆ ಮಾಡಿದರೆ ಕಿರಿಯಾಕೆ ಸಂಜೆ.

ಇಬ್ಬರೂ ಒಬ್ಬರೊಡನೊಬ್ಬರು ಮಾತಾಡುತ್ತಿರಲಿಲ್ಲ. ಹಾಗೆಂದು ಮಾತು ನಿಂತಿರಲಿಲ್ಲ, ನಡುವೆ ಸಿಕ್ಕವರ ಮೂಲಕ ನಡೆಯುತ್ತಿತ್ತು. ಯಜಮಾನರ ಜೊತೆ ಅಲ್ಲಿಗೆ ಹೋದ ದಿನ ಸಿಕ್ಕವಳು ನಾನು. ಹಿರಿಯಾಕೆ ನನ್ನ ಮುಖ ನೋಡಿ, ಪಕ್ಕದ ಮನೆಯವರಿಗೆ ಮೋಟಾರಿನ ಮೇಲೆ ಬಟ್ಟೆ ಒಣಹಾಕಬಾರದು ಅಂತ ಹೇಳಮ್ಮಾ ಎಂದರು. ಮಾರು ದೂರದಲ್ಲಿ ಕೂತಿದ್ದ ಕಿರಿಯಾಕೆ, ಅದು ನನ್ನ ಬಟ್ಟೆ ಅಲ್ಲ, ಗಾಳಿಗೆ ಬಂದಿದ್ದು ಅಂತ ಹೇಳಮ್ಮಾ ಎಂದರು. ನಾನು ಅಂಚೆಯವಳ ಹಾಗೆ ಎರಡೂ ಕಡೆ ತಲೆಯಾಡಿಸುತ್ತ ಕೂತೆ.

ಸೆಟ್ಟನ್ನು ಸೀಳಬೇಕು ಎಂಬ ಮಾತು ಕೇಳಿ ಹಿರಿಯಾಕೆ ಎದ್ದುನಿಂತರು. ನೀರು ಕೊಟ್ಟಿದ್ದಕ್ಕೆ ಗರಗಸ ಹಾಕೋದಾ ಎಂದು ಗದರಿ, ಚಪ್ಪಡಿಗೆ ಅಡ್ಡ ನಿಂತೇಬಿಟ್ಟರು. ಬಾಯಿ ಕಟ್ಟಿದಾಗ ನಾನು ಮಾಡುವ ಕೆಲಸ ಒಂದೇ, ಪೆನ್ಸಿಲ್ ತೆಗೆಯುವುದು. ಸೆಟ್ಟನ್ನು ಉದ್ದಕ್ಕೆ ಸೀಳಿ ಅವರೆಕಾಯಿ ಬಿಡಿಸಿದ ಹಾಗೆ ಎರಡು ಹೋಳು ಅಕ್ಕಪಕ್ಕ ಇಟ್ಟರೆ ಹೇಗೆ ಕಾಣುತ್ತದೆ ಎಂದು ಕಾಗದದ ಮೇಲೆ ಗೀಚಿ ತೋರಿಸಿದೆ. ಕಿರಿಯಾಕೆ ಹತ್ತಿರ ಬಂದು ಬಹಳ ಹೊತ್ತು ನೋಡಿದರು.

"ಎರಡೂ ಸಮ ಬರ್ತಾವಾ?" ಎಂದು ಕೇಳಿದರು.

ಅವರು ಏನು ಕೇಳುತ್ತಿದ್ದಾರೆಂದು ನನಗೆ ಹೊಳೆಯಲು ಒಂದು ಗಳಿಗೆ ಹಿಡಿಯಿತು. ಭಾಗದಲ್ಲಿ ಹಂಚಲಾಗದೆ ಉಳಿದ ಒಂದೇ ಒಂದು ವಸ್ತುವನ್ನು ನಾನು ಹಂಚಿಕೊಡುವವಳಾಗಿದ್ದೆ! ಸಮ ಬರುತ್ತವೆ ಚಿಕ್ಕಮ್ಮ, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇರುವುದಿಲ್ಲ ಎಂದೆ. ಚಿತ್ರ ಬರೆದ ಮೇಲೆ ಒಂದೊಂದು ಹೋಳು ಒಂದೊಂದು ಮನೆಗೆ ತಂದುಕೊಡುತ್ತೇನೆ ಎಂದೂ ಸೇರಿಸಿದೆ. ಹಿರಿಯಾಕೆ ಮತ್ತೆ ಕೂತರು. ಒಳಗೆ ಏನೇನಿರುತ್ತದೆ ಎಂದು ವೈಂಡಿಂಗ್ ಯಜಮಾನರನ್ನು ಕೇಳಿದರು. ಯಜಮಾನರು ಉತ್ಸಾಹದಲ್ಲಿ ಎಲ್ಲ ಹೇಳಿದರು, ನಡುವೆ ಉದ್ದಕ್ಕೂ ಒಂದು ಶಾಫ್ಟು ಇರುತ್ತದೆ, ಅದೊಂದೇ ಕಂಬಿ ಎಲ್ಲವನ್ನೂ ತಿರುಗಿಸುವುದು ಎಂದೂ ಹೇಳಿದರು.

"ಹಂಗಾದ್ರೆ ಆ ಕಂಬೀನೂ ಸೀಳ್ಬೇಕು," ಎಂದರು ಹಿರಿಯಾಕೆ ನನಗೆ. "ಅದು ಒಬ್ಬರ ಪಾಲಿಗೆ ಹೋಗಬಾರ್ದು. ಒಪ್ಪಿದ್ರೆ ತಗೊಂಡೋಗು."

ನಾನು ಒಪ್ಪಿದೆ. ಯೋಚಿಸಿ ಒಪ್ಪಿದ್ದಲ್ಲ, ಖುಷಿಯಲ್ಲಿ ಒಪ್ಪಿದ್ದು. ವಾಪಸು ಬರುವಾಗ ಯಜಮಾನರು ತಲೆ ಚಚ್ಚಿಕೊಂಡರು. "ಶಾಫ್ಟು ಸೀಳ್ತೀನಿ ಅಂದ್ಬಿಟ್ರಲ್ಲ ಮೇಡಂ. ಅದು ಸ್ಟೀಲು, ಬದನೆಕಾಯಲ್ಲ."

ಕೋಲಾರಕ್ಕೆ ಬಂದು ಹೇಳಿದಾಗ ಸಂಪಾದಕರೂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಯಂತ್ರದ ಸೀಳುಚಿತ್ರ ಬರೆಯುವಾಗ ಶಾಫ್ಟನ್ನು ಸೀಳಿದ ಹಾಗೆ ತೋರಿಸುವುದಿಲ್ಲ, ಇಡಿಯಾಗಿಯೇ ಬಿಡುತ್ತಾರೆ. ಎಂಜಿನಿಯರುಗಳೆಲ್ಲ ಪಾಲಿಸುವ ಪದ್ಧತಿ ಅದು. ಚಿತ್ರಕ್ಕೆ ಬೇಡದ ಕೆಲಸವನ್ನು ಇಬ್ಬರು ಹೆಂಗಸರ ಜಗಳಕ್ಕಾಗಿ ಯಾಕೆ ಮಾಡುತ್ತಿ ಎಂದು ಕೇಳಿದರು. ಅಷ್ಟರಲ್ಲಿ ಪ್ರಕಾಶಕರ ಫೋನ್ ಬಂತು, ಮುಖಪುಟದ ಕೊನೆಯ ತಿದ್ದುಪಡಿ ನಡೆದಿದೆ ಎಂದು.

ಸೆಟ್ಟನ್ನು ಲಗೇಜ್ ಆಟೋದಲ್ಲಿ ಮುಳಬಾಗಿಲಿಗೆ ತಂದು, ಶಾಫ್ಟಿನ ಜೋಡಣೆ ಬಿಚ್ಚಿ ಮೋಟಾರನ್ನೂ ಪಂಪನ್ನೂ ಬೇರ್ಪಡಿಸಿದೆವು. ಎರಡರ ನಡುವೆ ನೀರು ಒಳಹೋಗುವ ಜಾಲರಿಯ ತೂತುಗಳಿಗೆಲ್ಲ ಟೇಪು ಸುತ್ತಿ, ಪಂಪನ್ನು ನೆಟ್ಟಗೆ ನಿಲ್ಲಿಸಿ, ಮಾಲೂರಿನ ಮೇಸ್ತ್ರಿ ನಿಂಬೆಹುಳಿಯ ಪಿಓಪಿಯನ್ನು ಮೇಲಿನಿಂದ ಎಳೆಎಳೆಯಾಗಿ ಸುರಿದ. ಮೋಟಾರಿಗೆ ನೀರು ತುಂಬುವ ಒಂದು ಸಣ್ಣ ಬಾಯಿ ಇರುತ್ತದೆ, ಅದರ ಮೂಲಕ ಇಳಿಸಿದೆವು. ಗಾಳಿಗುಳ್ಳೆ ಉಳಿಯಬಾರದೆಂದು ಯಜಮಾನರು ಮರದ ಸುತ್ತಿಗೆಯಲ್ಲಿ ಸುತ್ತಲೂ ಮೆಲ್ಲಗೆ ತಟ್ಟುತ್ತಲೇ ಇದ್ದರು. ಆಮೇಲೆ ಒಣಗಲು ಬಿಟ್ಟೆವು. ಒಳಗೆ ಸರಿಯಾಗಿ ತುಂಬಿದೆಯೋ ಇಲ್ಲವೋ ಎಂದು ಸೀಳದೆ ತಿಳಿಯುವ ಹಾಗಿರಲಿಲ್ಲ, ಸೀಳಿದ ಮೇಲೆ ಮತ್ತೆ ತುಂಬುವ ಹಾಗೂ ಇರಲಿಲ್ಲ.

ಸೀಳುವ ಕೆಲಸಕ್ಕೆ ವೇಮಗಲ್‌ನ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆ ಸಿಕ್ಕಿತು. ಅಲ್ಲಿನ ಫೋರ್‌ಮನ್ ಸಂಪಾದಕರ ಹಳೆಯ ವಿದ್ಯಾರ್ಥಿ. ಗೊತ್ತುಮಾಡಿದ ದಿನ ನಾವು ಹೋಗುವಷ್ಟರಲ್ಲಿ ಓರಗಿತ್ತಿಯರಿಬ್ಬರೂ ಗೇಟಿನಲ್ಲಿ ಹಾಜರಿದ್ದರು. ಸಮ ಸೀಳುವುದನ್ನು ಕಣ್ಣಾರೆ ನೋಡಬೇಕಂತೆ. ಒಂದೇ ಬಸ್ಸಿನಲ್ಲಿ ಬಂದಿದ್ದರು, ಒಬ್ಬರು ಮುಂದಿನ ಸೀಟಿನಲ್ಲಿ, ಇನ್ನೊಬ್ಬರು ಹಿಂದಿನ ಸೀಟಿನಲ್ಲಿ. ಫೋರ್‌ಮನ್ ಇಬ್ಬರಿಗೂ ಕಣ್ಣಿಗೆ ದೊಡ್ಡ ಪ್ಲಾಸ್ಟಿಕ್ ಕನ್ನಡಕ ಹಾಕಿಸಿ ಹಳದಿ ಗೆರೆಯ ಆಚೆ ನಿಲ್ಲಿಸಿದರು.

ಫೋರ್‌ಮನ್ ಸೆಟ್ಟನ್ನು ಸುತ್ತಿ ನೋಡಿ ಎರಡು ದಾರಿ ಹೇಳಿದರು. ಒಂದು, ಚಕ್ರದ ಬ್ಲೇಡಿನಲ್ಲಿ ಎರಡೂ ಬದಿಯಿಂದ ಶಾಫ್ಟಿನವರೆಗೆ ಮಾತ್ರ ಸೀಳಿ ಬಿಡಿಸುವುದು. ಸುಲಭ, ಶಾಫ್ಟು ಇಡಿಯಾಗಿ ಒಂದು ಹೋಳಿನಲ್ಲಿ ಉಳಿಯುತ್ತದೆ. ಇನ್ನೊಂದು, ಬ್ಯಾಂಡ್ ಸಾ ಬಳಸಿ, ಅಂದರೆ ಪಟ್ಟಿಯ ಹಾಗೆ ಸುತ್ತುವ ಗರಗಸದಲ್ಲಿ, ಶಾಫ್ಟೂ ಸೇರಿ ಪೂರ್ತಿ ಸೀಳುವುದು. ಅದರಲ್ಲಿ ಅಪಾಯವಿತ್ತು. ನಡುವೆ ಗಟ್ಟಿ ಸ್ಟೀಲು, ಅದರ ಎರಡೂ ಕಡೆ ಮೆತ್ತನೆಯ ಪಿಓಪಿ. ಬ್ಲೇಡಿಗೆ ಮೆತ್ತಗಿರುವ ಕಡೆಗೆ ಜಾರುವ ಚಾಳಿ. ಒಮ್ಮೆ ಜಾರಿದರೆ ಒಳಗಿನದೆಲ್ಲ ಹಾಳಾಗಿ, ಚಿತ್ರವೂ ಇಲ್ಲ, ಪಾಲೂ ಇಲ್ಲ. ಮೊದಲ ದಾರಿಯೇ ಒಳ್ಳೆಯದು ಎಂದರು ಫೋರ್‌ಮನ್. ಸಂಪಾದಕರೂ ಅದನ್ನೇ ಹೇಳಿದರು. ಹೆಂಗಸರಿಗೆ ತಾವು ತಿಳಿಹೇಳುವುದಾಗಿಯೂ ಒಪ್ಪಿಕೊಂಡರು.

ನಾನು ಹಳದಿ ಗೆರೆಯ ಕಡೆ ನೋಡಿದೆ. ಕನ್ನಡಕ ಹಾಕಿಕೊಂಡು ಇಬ್ಬರೂ ಸೆಟ್ಟನ್ನೇ ನೋಡುತ್ತಿದ್ದರು. ರಾಕೆಟ್ ನೆನಪಾಯಿತು. ಈ ಸೆಟ್ಟು ಕೈತಪ್ಪಿದರೆ ಇನ್ನೊಂದಿಲ್ಲ, ಪುಸ್ತಕದ ನಡುವೆ ರಾಕೆಟ್ ಏರಿ ಕೂರುತ್ತದೆ, ಅದನ್ನು ಜೀವಮಾನವಿಡೀ ನೋಡುತ್ತಿರಬೇಕು. ಸುಲಭದ ದಾರಿಯಲ್ಲಿ ಚಿತ್ರ ಖಂಡಿತ ಬರುತ್ತಿತ್ತು. ಆದರೆ ಸಮ ಬರುತ್ತವೆ ಎಂದು ಹೇಳಿದವಳು ನಾನು, ಅವರು ನಂಬಿ ಸೆಟ್ಟು ಬಿಟ್ಟುಕೊಟ್ಟದ್ದು ಆ ಒಂದು ಮಾತಿಗೆ.

"ಶಾಫ್ಟು ಸೇರಿಸಿಯೇ ಸೀಳಿ ಸರ್," ಎಂದೆ ಫೋರ್‌ಮನ್‌ಗೆ.

ಸೆಟ್ಟು ಉರುಳದಂತೆ ಮರದ ತೊಟ್ಟಿಲಿನಂಥ ಚೌಕಟ್ಟು ಮಾಡಿ ಎರಡೂ ಬದಿಗೆ ಬೆಣೆ ಹೊಡೆದರು. ತಂಪಿಗೆ ಸಾಮಾನ್ಯವಾಗಿ ಬ್ಲೇಡಿನ ಮೇಲೆ ನೀರು ಹರಿಸುತ್ತಾರೆ, ಇಲ್ಲಿ ನೀರು ಬಿಟ್ಟರೆ ಪಿಓಪಿ ಮೆತ್ತಗಾಗುತ್ತದೆ. ಹಾಗಾಗಿ ಗಾಳಿ ಊದುತ್ತ, ನಿಲ್ಲಿಸಿ ನಿಲ್ಲಿಸಿ ಸೀಳುವುದೆಂದಾಯಿತು. ಮೋಟಾರು ಅಚ್ಚುಕಟ್ಟಾಗಿ ಎರಡು ಹೋಳಾಯಿತು. ಪಂಪನ್ನು ಹಚ್ಚಿದಾಗ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂದು ಎರಡು ಸಲ ನಿಲ್ಲಿಸಬೇಕಾಯಿತು, ಒಳಗಿನ ಚಕ್ರಗಳು ಪ್ಲಾಸ್ಟಿಕ್ಕಿನವು. ಅರ್ಧ ದಾರಿಯಲ್ಲಿ ಸದ್ದು ಬದಲಾಯಿತು. ಫೋರ್‌ಮನ್ ಕೈ ಎತ್ತಿದರು. ಬ್ಲೇಡು ಜಾರಲು ಶುರು ಮಾಡಿತ್ತು.

ಫೋರ್‌ಮನ್ ಬ್ಲೇಡನ್ನು ನಿಧಾನಕ್ಕೆ ಹಿಂದಕ್ಕೆ ತೆಗೆದು, ಸೀಳಿಗೆ ಬ್ಯಾಟರಿ ಬಿಟ್ಟು ಇಣುಕಿ ನೋಡಿದರು. ಜಾರಿದ್ದು ಸ್ವಲ್ಪವೇ. ಹೊಸ ಬ್ಲೇಡು ಹಾಕಿ, ಪಂಪನ್ನು ತಿರುಗಿಸಿ, ಇನ್ನೊಂದು ತುದಿಯಿಂದ ಬರುವುದೆಂದು ನಿರ್ಧರಿಸಿದರು. ಎರಡು ಸೀಳುಗಳು ನಡುವೆ ಎಲ್ಲೋ ಕೂಡಬೇಕು. ಹೊಸ ಬ್ಲೇಡು ಆ ಕಡೆಯಿಂದ ಹೊರಟಿತು. ಎರಡೂ ಸೀಳು ಕೂಡಿದಾಗ ಟಪ್ ಎಂದು ಸಣ್ಣ ಸದ್ದಾಯಿತು, ಪಂಪು ಚೌಕಟ್ಟಿನಲ್ಲಿ ಎರಡಾಗಿ ಒರಗಿತು.

ಫೋರ್‌ಮನ್ ಒಂದು ಹೋಳನ್ನು ಮಗುಚಿ ಗಾಳಿಯಿಂದ ಧೂಳು ಊದಿದರು. ನಾನು ಬಾಗಿ ನೋಡಿದೆ. ಮೊದಲು ನನಗೆ ಕಂಡದ್ದು ಬರೀ ಬಿಳುಪು. ನಡುವಿನ ಜಾಲರಿಯಿಂದ ಹೊರಟ ಒಂದು ಬಿಳೀ ದಾರಿ ಮೊದಲ ಚಕ್ರದ ನಡುವಿಗೆ ಹೋಗಿ, ಅಂಚಿಗೆ ಹರಡಿ, ಅದನ್ನು ಸುತ್ತುವರಿದ ಬಟ್ಟಲಿನಂಥ ಬೌಲಿನಲ್ಲಿ ತಿರುಗಿ ಮತ್ತೆ ನಡುವಿಗೆ ಬಂದು, ಮೇಲಿನ ಚಕ್ರಕ್ಕೆ ಹತ್ತಿತ್ತು. ಅಲ್ಲಿಂದ ಮತ್ತೆ ಅಂಚಿಗೆ, ಮತ್ತೆ ನಡುವಿಗೆ, ಹೀಗೆ ತುದಿಯವರೆಗೂ. ಪಿಓಪಿ ಎಲ್ಲೆಲ್ಲಿ ತುಂಬಿತ್ತೋ ಅದೆಲ್ಲ ನೀರಿನ ಜಾಗ! ಭಾಗಗಳು ಅಲ್ಲಾಡದಿರಲಿ ಎಂದು ನಾವು ಸುರಿದದ್ದು ನೀರಿನ ದಾರಿಯನ್ನೇ ಅಚ್ಚು ತೆಗೆದುಕೊಟ್ಟಿತ್ತು. ಬಿಳಿಯಿರುವಲ್ಲಿ ನೀಲಿ ಬಳಿದರೆ ಚಿತ್ರ ಮುಗಿಯಿತು. ನಾನು ಕಾರ್ಖಾನೆಯೊಳಗೆ ಕೂಗಿಬಿಟ್ಟೆ, ಆಚೆ ಲೇತಿನಲ್ಲಿದ್ದವರೂ ತಿರುಗಿ ನೋಡಿದರು.

ಸಂಪಾದಕರು ಆಗಲೇ ಮೋಟಾರಿನ ಹೋಳಿನ ಮೇಲೆ ಬಗ್ಗಿದ್ದರು. ಬಿಳೀ ನೆಲದ ಮೇಲೆ ತಾಮ್ರದ ತಂತಿ ಒಂದೊಂದೂ ಎಣಿಸುವಷ್ಟು ಸ್ಪಷ್ಟವಾಗಿತ್ತು. ಅವರು ತೋರಿಸುತ್ತಿದ್ದದ್ದು ಅದನ್ನಲ್ಲ, ಕಟ್ಟಕಡೆಯ ತಳವನ್ನು. ಶಾಫ್ಟಿನ ಕೆಳತುದಿ ಒಂದು ಕಪ್ಪು ಇಂಗಾಲದ ಬಿಲ್ಲೆಯ ಮೇಲೆ ಕೂತಿತ್ತು. ಮೇಲಿನ ಅಷ್ಟೂ ನೀರಿನ ಒತ್ತಡ ಶಾಫ್ಟಿನ ಮೂಲಕ ಕೊನೆಗೆ ಬಂದು ಬೀಳುವುದು ಆ ಒಂದು ಬಿಲ್ಲೆಯ ಮೇಲೆ. ಶಾಫ್ಟನ್ನು ಇಡಿಯಾಗಿ ಬಿಟ್ಟಿದ್ದರೆ ಅದು ಕೂತಿರುವ ರೀತಿ ಶಾಫ್ಟಿನ ಬುಡದಲ್ಲೇ ಮುಚ್ಚಿಹೋಗಿರುತ್ತಿತ್ತು. ಸಂಪಾದಕರು ನನ್ನ ಕಡೆ ತಿರುಗಿ, ತಮ್ಮ ಬರಹದಲ್ಲಿ ಈ ಬಿಲ್ಲೆಯ ಮಾತೇ ಇಲ್ಲವೆಂದೂ ಅದನ್ನು ಮತ್ತೆ ಬರೆಯುತ್ತೇನೆಂದೂ ಹೇಳಿದರು. ಅವರ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಎಂದೂ ನೋಡಿರಲಿಲ್ಲ.

ಓರಗಿತ್ತಿಯರಿಗೆ ಬೇರೆ ಕೆಲಸವಿತ್ತು. ಹೋಳುಗಳನ್ನು ತೂಕಕ್ಕೆ ಹಾಕಿಸಿದರು. ಜಾರಿದ ಬ್ಲೇಡಿನ ಕೃಪೆಯಿಂದ ಒಂದು ಹೋಳು ಸ್ವಲ್ಪವೇ ಸ್ವಲ್ಪ ಹೆಚ್ಚು ತೂಗಿತು, ನನ್ನ ಕೂದಲೆಳೆಯ ಮಾತು ಅಲ್ಲಿ ಸುಳ್ಳಾಯಿತು. ಫೋರ್‌ಮನ್ ಭಾರದ ಹೋಳಿನ ಅಂಚಿಗೆ ಅರ ಹಾಕಿ ಉಜ್ಜಿ ಉಜ್ಜಿ ಸಮ ಮಾಡಿಕೊಟ್ಟರು. ಯಾವುದು ಯಾರಿಗೆ ಎಂಬುದಕ್ಕೆ ಜಗಳವಾಗಲಿಲ್ಲ. ಅವರ ಮನೆಯ ಭಾಗದಲ್ಲಿ ಕಿರಿಯರು ಮೊದಲು ಆರಿಸಿಕೊಳ್ಳುವುದು ವಾಡಿಕೆಯಂತೆ. ಕಿರಿಯಾಕೆ ಎರಡನ್ನೂ ಸುತ್ತಿ ಸುತ್ತಿ ನೋಡಿ ಒಂದರ ಮೇಲೆ ಕುಂಕುಮ ಇಟ್ಟರು. ಉಳಿದದ್ದಕ್ಕೆ ಹಿರಿಯಾಕೆ ಇಟ್ಟರು.

ಆಮೇಲಿನ ದಿನಗಳು ನನ್ನ ಕೆಲಸದ ಬದುಕಿನ ಅತಿ ಸುಖದ ದಿನಗಳು. ಹೋಳುಗಳನ್ನು ಕೋಣೆಯಲ್ಲಿ ಹಲಗೆಯ ಮೇಲೆ ಅಕ್ಕಪಕ್ಕ ಮಲಗಿಸಿಕೊಂಡೆ. ಅಮ್ಮ ಬಾಗಿಲಲ್ಲೇ ನಿಂತು ಕಾಫಿ ಕೊಟ್ಟು ಹೋಗುತ್ತಿದ್ದಳು. ಸೆಟ್ಟು ಮನುಷ್ಯನಿಗಿಂತ ಉದ್ದ, ಅಗಲ ಒಂದು ಗೇಣಿಗಿಂತ ಕಡಿಮೆ. ಇದ್ದ ಹಾಗೆ ಕುಗ್ಗಿಸಿದರೆ ಪುಟದಲ್ಲಿ ಕಡ್ಡಿಯ ಹಾಗೆ ಕಾಣುತ್ತದೆ. ಆದ್ದರಿಂದ ಒಂದೇ ಬಗೆಯ ಚಕ್ರಗಳು ಸಾಲಾಗಿರುವ ನಡುಭಾಗವನ್ನು ಮುರಿದ ಗೆರೆ ಹಾಕಿ ಬಿಟ್ಟು, ತುದಿಗಳನ್ನು ದೊಡ್ಡದಾಗಿ ಬರೆದೆ. ಎಡಪುಟದಲ್ಲಿ ಒಂದು ಹೋಳು, ಪ್ರತಿ ಭಾಗಕ್ಕೂ ಜನ ಕರೆಯುವ ಹೆಸರೇ. ಬಲಪುಟದಲ್ಲಿ ಇನ್ನೊಂದು ಹೋಳು, ಅಲ್ಲಿ ಹೆಸರಿಲ್ಲ, ಕೆಳಗಿನಿಂದ ಮೇಲಕ್ಕೆ ಏರುವ ನೀಲಿ ನೀರು ಮಾತ್ರ. ಆ ನೀಲಿಯನ್ನು ಬಳಿಯುವಾಗ ನನ್ನಷ್ಟಕ್ಕೆ ನಾನೇ ಹಾಡಿಕೊಳ್ಳುತ್ತಿದ್ದೆನಂತೆ, ಅಮ್ಮ ಹೇಳಿದಳು.

ಮುಖಪುಟ ಅಚ್ಚಿಗೆ ಹೋಗುವ ಬೆಳಗ್ಗೆ ಚಿತ್ರ ಪ್ರಕಾಶಕರಿಗೆ ತಲುಪಿತು. ಮಧ್ಯಾಹ್ನ ಅವರು ಫೋನ್ ಮಾಡಿ, ತಮ್ಮ ತೋಟದ ಬೋರು ಎಷ್ಟೋ ಸಲ ಕೆಟ್ಟಿದೆ, ನೀರು ಮೋಟಾರಿನ ತಳದಿಂದ ಒಳಗೆ ಹೋಗುತ್ತದೆ ಎಂದೇ ಈವರೆಗೆ ತಿಳಿದಿದ್ದೆ ಎಂದರು. ರಾಕೆಟ್ಟನ್ನು ಅಕ್ಷರಾನುಕ್ರಮದಲ್ಲಿ ಅದರ ಜಾಗಕ್ಕೆ ಕಳಿಸಿದ್ದೇನೆ ಎಂದೂ ಹೇಳಿದರು.

ಪುಸ್ತಕ ಬಂದ ವಾರ ಹೋಳುಗಳನ್ನು ಲಗೇಜ್ ಆಟೋದಲ್ಲಿ ಹೇರಿಕೊಂಡು ಹಳ್ಳಿಗೆ ಹೋದೆ. ಒಂದೊಂದು ಮನೆಗೆ ಒಂದೊಂದು ಹೋಳು ಇಳಿಯಿತು. ನಡುವಿನ ಚಪ್ಪಡಿ ಖಾಲಿಯಾಗಿದ್ದರಿಂದ ಪುಸ್ತಕವನ್ನು ಅದರ ಮೇಲೆ ಬಿಚ್ಚಿಟ್ಟೆ. ಇಬ್ಬರೂ ಬಂದು ಪುಸ್ತಕದ ಆಚೀಚೆ ಕೂತರು. ಒಬ್ಬರು ಎಡಪುಟ ನೋಡಿದರು, ಒಬ್ಬರು ಬಲಪುಟ ನೋಡಿದರು. ಹಿರಿಯಾಕೆ ನೀಲಿಯ ಮೇಲೆ ಬೆರಳಿಟ್ಟು ಜಾಲರಿಯಿಂದ ತುದಿಯವರೆಗೆ ಎಳೆದುಕೊಂಡು ಹೋದರು.

"ಈ ನೀರಿರೋದು ನಂದು ಕಣೇ," ಎಂದರು.

"ಅದೆಂಗಕ್ಕಾ ನಿಂದಾಗ್ತದೆ?" ಎಂದರು ಕಿರಿಯಾಕೆ, ಪುಸ್ತಕವನ್ನು ತಮ್ಮ ಕಡೆ ತಿರುಗಿಸಿಕೊಂಡು. "ಸರಿಯಾಗಿ ನೋಡು. ನಾನು ಕುಂಕುಮ ಇಟ್ಟಿದ್ದು ಇದಕ್ಕೇ."

ಜೋರು ಜಗಳ ಶುರುವಾಯಿತು. ಇಬ್ಬರೂ ಪುಸ್ತಕವನ್ನು ಅತ್ತಿತ್ತ ಎಳೆಯುತ್ತ, ತೆಲುಗಿನಲ್ಲೊಮ್ಮೆ ಕನ್ನಡದಲ್ಲೊಮ್ಮೆ, ಒಬ್ಬರ ಮುಖ ಒಬ್ಬರು ನೋಡಿಕೊಂಡೇ ಬೈದಾಡಿದರು. ಅವರಿಗೆ ಹೇಳಮ್ಮಾ ಎಂದು ನನ್ನ ಕಡೆ ಒಬ್ಬರೂ ತಿರುಗಲಿಲ್ಲ. ಮನೆಗೊಂದರಂತೆ ಕೊಡೋಣವೆಂದು ನಾನು ಎರಡು ಪ್ರತಿ ತಂದಿದ್ದೆ. ಎರಡನೆಯದನ್ನು ಚೀಲದಿಂದ ತೆಗೆಯಲೇ ಇಲ್ಲ.